ರೇಸ್ ಕೊಡುವ ಸೀಟು

ಆ ಅಂಬಾಸಿಡರ್ ಗಾಡಿಯ ಡ್ರೈವರ್ ಸೀಟಿನಲ್ಲಿ ನಾನು ಎಷ್ಟೋ ಭಾನುವಾರಗಳ ಬೆಳಗನ್ನು ಕಳೆದಿದ್ದೇನೆ. ಆದರೆ ಅದನ್ನು ಒಂದು ಮಾರು ದೂರವೂ ಓಡಿಸಿದವಳಲ್ಲ. ನನಗೆ ಗಾಡಿ ಓಡಿಸಲು ಬರುವುದಿಲ್ಲ. ಗಾಡಿಯ ಒಡತಿ ಕಾಕೂಗೂ ಬರುತ್ತಿರಲಿಲ್ಲ. ಓಡಿಸಲು ಬಾರದ ಇಬ್ಬರು ಹೆಂಗಸರು ಸೇರಿ, ಎಲ್ಲಿಗೂ ಹೋಗದ ಗಾಡಿಯೊಂದರ ಎಂಜಿನ್ನನ್ನು ವಾರ ವಾರ ಟ್ಯೂನ್ ಮಾಡುತ್ತಿದ್ದೆವು ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಓಣಿಯೂ ಮೊದಲು ನಕ್ಕಿತ್ತು, ಆಮೇಲೆ ರೂಢಿಯಾಗಿ ಸುಮ್ಮನಾಯಿತು.

ಮೊನ್ನೆ ಆ ಗಾಡಿಯನ್ನು ಒಯ್ದರು. ಕಾಕು ತೀರಿಕೊಂಡು ಒಂದು ಮಳೆಗಾಲ ಕಳೆದಿದೆ. ಅವರ ಮೈದುನನ ಮಗ ಬಂದು, ಮನೆ ಬಾಡಿಗೆಗೆ ಕೊಡುವ ಮುಂಚೆ ಗಾಡಿಯನ್ನು ಸಾಗಿಸಿದ. ಒಳ್ಳೆಯವನೇ. "ಕಾಕೂಂದು ಏನರ ಬೇಕಾಗಿದ್ರ ಇಟಗೋರಿ ಅಕ್ಕಾರ" ಎಂದು ನನ್ನನ್ನು ಕೇಳಿದ. ಏನು ಕೇಳಲಿ? ನನಗೆ ಬೇಕಾದದ್ದು ಅವನು ಕೊಡಬಹುದಾದದ್ದಲ್ಲ. ಏನೂ ಬೇಡ ಅಂದೆ. ಗಾಡಿ ಓಣಿಯ ತಿರುವು ದಾಟಿದ ಮೇಲೆ ಮನೆಯೊಳಗೆ ಬಂದು, ಬಾಗಿಲು ಹಾಕಿಕೊಂಡು, ಅತ್ತೆ.

ಕಾಕು ನನಗೆ ಸಂಬಂಧಿಕರಲ್ಲ, ಎದುರು ಮನೆಯವರು. ಓಣಿಯೆಲ್ಲ ಚಿಕ್ಕಮ್ಮನನ್ನು ಕರೆಯುವ ಹಾಗೆ ಕಾಕು ಅನ್ನುತ್ತಿತ್ತು, ನಾನೂ ಅಂದೆ. ನಾನು ಧಾರವಾಡದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಮದುವೆ ಆಗಲಿಲ್ಲ, ಆಗಲಿಲ್ಲವೆಂದು ಹೇಳಿಕೊಳ್ಳುವಂಥ ಕತೆಯೂ ಇಲ್ಲ. ವಾರದ ದಿನಗಳು ಬಸ್ಸಿನಲ್ಲಿ ಹೋಗುತ್ತ ಬರುತ್ತ ಸವೆದುಹೋಗುತ್ತವೆ. ದಿನವಿಡೀ "ಗದ್ದಲ ಮಾಡಬ್ಯಾಡ್ರಿ" ಎಂದು ಹುಡುಗರನ್ನು ಗದರಿಸಿ ಬಂದವಳಿಗೆ ಭಾನುವಾರ ಮಾತ್ರ ಗದರಿಸಲಿಕ್ಕೂ ಯಾರೂ ಇರುವುದಿಲ್ಲ. ಒಂದು ಲೋಟ ಚಹಾ ಮಾಡಿಕೊಂಡು, ಅದನ್ನು ಕುಡಿದು, ಅದೇ ಲೋಟ ತೊಳೆದಿಟ್ಟರೆ ಮುಂದಿನ ಕೆಲಸ ಏನೆಂದು ತಿಳಿಯುವುದಿಲ್ಲ.

ಅಂಥ ಒಂದು ಭಾನುವಾರ ಬೆಳಿಗ್ಗೆ ಕಾಕು ನನ್ನ ಗೇಟಿಗೆ ಬಂದು ನಿಂತಿದ್ದರು. ನಾನು ಆ ಓಣಿಗೆ ಹೊಸಬಳು, ಅವರೊಡನೆ ಮಾತಾಡಿದ್ದೂ ಇರಲಿಲ್ಲ. ಗಂಡ ತೀರಿಕೊಂಡಿದ್ದಾರೆ, ಒಬ್ಬರೇ ಇರುತ್ತಾರೆ ಎಂದು ಮನೆಯ ಮಾಲೀಕರು ಹೇಳಿದ್ದಷ್ಟೇ ಗೊತ್ತು.

"ತಂಗೀ, ಗಾಡಿ ಮಿಸ್ಸಿಂಗ್ ಆಗೇತವಾ. ಒಂದ್ ಸ್ವಲ್ಪ ಬರ್ತೀಯೇನು?"

ಪಾಪ, ಗಂಡನ ಗಾಡಿ ಕಳವಾಗಿದೆ, ಮನೆಯಲ್ಲಿ ಬೇರೆ ಯಾರೂ ಇಲ್ಲ. ಚಪ್ಪಲಿ ಹಾಕಿಕೊಂಡೆ, ಪರ್ಸು ತಗೊಂಡೆ.

"ಯಾವಾಗಿಂದ ಇಲ್ರಿ? ನಡೀರಿ, ಮೊದಲ ಸ್ಟೇಶನ್ನಿಗೆ ಹೋಗೂಣು."

"ಸ್ಟೇಶನ್ನಿಗ್ಯಾಕ? ನೀ ಸೀಟಿನ್ಯಾಗ ಕುಂತ್ರ ಸಾಕು."

ಆಘಾತದಿಂದ ಅವರ ತಲೆಯೇ ಕೆಟ್ಟಿರಬೇಕು ಅಂದುಕೊಂಡೆ. ಕೈ ಹಿಡಿದು ಸಮಾಧಾನ ಮಾಡುತ್ತ ರಸ್ತೆ ದಾಟಿಸಿದೆ. ನೋಡಿದರೆ ಬಿಳಿ ಅಂಬಾಸಿಡರು ಪೋರ್ಚಿನಲ್ಲಿ ಬಾನೆಟ್ ತೆರೆದುಕೊಂಡು ನಿಂತಿದೆ.

"ಇಲ್ಲೇ ಐತೆಲ್ರಿ ಗಾಡಿ."

"ಗಾಡಿ ಎಲ್ಲಿಗೆ ಹೋಗತೈತಿ? ಎಂಜಿನ್ ಮಿಸ್ಸಿಂಗ್ ಐತವಾ. ನಾಕು ಸಿಲಿಂಡರ್‌ದಾಗ ಒಂದು ಹೊಡಿಯೂದು ತಪ್ಪಸಾಕತ್ತೈತಿ."

ಅಷ್ಟು ಹೇಳಿದ ಮೇಲೆ ನನ್ನ ಕೈಯಲ್ಲಿದ್ದ ಪರ್ಸು ನೋಡಿ, ಸ್ಟೇಶನ್ನಿನ ಮಾತು ಅವರಿಗೆ ಅರ್ಥವಾಯಿತು. ನಕ್ಕರು, ನಕ್ಕರು, ಗಾಡಿಯ ಬಂಪರ್ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಮುಟ್ಟಿಸಿದರು. ಹಾಲಿನವನು ಮುಂದೆ ಎಷ್ಟೋ ದಿನ ನನ್ನನ್ನು ಕಂಡಾಗಲೆಲ್ಲ "ಏನ್ರಿ ಅಕ್ಕಾರ, ಸ್ಟೇಶನ್ನಿಗೆ ಹೊಂಟೀರೇನು?" ಅನ್ನುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಒಳಗೊಳಗೆ ಖುಷಿಯೂ ಆಗುತ್ತಿತ್ತು, ಏಕೆಂದರೆ ಆ ಊರಲ್ಲಿ ಅಲ್ಲಿಯವರೆಗೆ ನನ್ನನ್ನು ಚೇಷ್ಟೆ ಮಾಡುವಷ್ಟು ಯಾರೂ ಹಚ್ಚಿಕೊಂಡಿರಲಿಲ್ಲ.

ಅವತ್ತೇ ನನಗೆ ಸೀಟಿನ ಪಾಠ ಆಯಿತು. "ಕೀಲಿ ತಿರುವಿ ಸೆಲ್ಫ್ ಹೊಡಿ. ಎಂಜಿನ್ ಚಾಲೂ ಆದಮ್ಯಾಲೆ ನಾ ರೇಸ್ ಅಂದಾಗ ಬಲಗಾಲಿಲೇ ಎಕ್ಸಿಲರೇಟರ್ ಒತ್ತು. ಸಾಕು ಅಂದಾಗ ಬಿಡು. ಬ್ಯಾರೆ ಯಾವುದಕ್ಕೂ ಕಾಲು ಹಚ್ಚಬ್ಯಾಡ." ಇಷ್ಟೇ ಪಾಠ. ಬಾನೆಟ್ ಎತ್ತಿದರೆ ಮುಂದಿನ ಗಾಜಿಗೆ ಗೋಡೆ ಕಟ್ಟಿದ ಹಾಗೆ ಆಗುತ್ತದೆ. ಆಚೆ ನಿಂತವರು ಕಾಣುವುದಿಲ್ಲ, ದನಿ ಮಾತ್ರ ಬರುತ್ತದೆ. ರೇಸ್ ಕೊಡು. ಇನ್ನೂ ಸ್ವಲ್ಪ. ಸಾಕು.

ಕಾಕು ಗಿಡ್ಡ, ದುಂಡು ಆಳು. ಕೆಲಸಕ್ಕೆ ನಿಂತರೆಂದರೆ ಸೀರೆಯ ಮೇಲೆ ಗಂಡನ ಹಳೆಯ ಅರ್ಧತೋಳಿನ ಅಂಗಿ ಹಾಕಿಕೊಂಡು, ಗುಂಡಿಯನ್ನೆಲ್ಲ ಕುತ್ತಿಗೆಯವರೆಗೆ ಹಾಕುತ್ತಿದ್ದರು. ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ಬಿಚ್ಚಿ, ಸ್ಟೀಲಿನ ತಾಟಿನಲ್ಲಿ ನಾಲ್ಕು ವಾಟಗ, ಅಂದರೆ ಪುಟ್ಟ ಬಟ್ಟಲು, ಇಟ್ಟು, ಒಂದೊಂದು ವಾಟಗದಲ್ಲಿ ಒಂದೊಂದು ಪ್ಲಗ್ ಕೂಡಿಸುತ್ತಿದ್ದರು. ನೋಡಿದವರಿಗೆ ಊಟಕ್ಕೆ ಬಡಿಸಿದ್ದಾರೋ ಅನ್ನಿಸಬೇಕು. ಒಂದೊಂದನ್ನೇ ಬೆಳಕಿಗೆ ಹಿಡಿದು ಅದರ ತುದಿಯ ಬಣ್ಣ ನೋಡುವರು. "ಹುರದ ರವಾದ ಬಣ್ಣ ಇರಬೇಕು. ಕರ್ರಗಾತಂದ್ರ ಪೆಟ್ರೋಲ್ ಜಾಸ್ತಿ ಕುಡ್ಯಾಕತ್ತೈತಿ, ಬೆಳ್ಳಗಾತಂದ್ರ ಉಪವಾಸ ಐತಿ." ಆಮೇಲೆ ತಂತಿ ಬ್ರಶ್ಶಿನಿಂದ ಉಜ್ಜುವುದು, ತೆಳ್ಳಗಿನ ಗೇಜಿನ ಪಟ್ಟಿ ತೂರಿಸಿ ಸಂದು ಸರಿ ಮಾಡುವುದು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ಪಾಯಿಂಟನ್ನು ಪಾಲಿಶ್ ಕಾಗದದ ಚೂರಿನಿಂದ ತಿಕ್ಕುವುದು. ಏರ್ ಫಿಲ್ಟರ್ ಜಾಡಿಸುವುದು. ಕೊನೆಗೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಸ್ಕ್ರೂ ತಿರುವುತ್ತ ಎಂಜಿನ್ನಿನ ದನಿ ಒಂದೇ ಸಮ ಬರುವ ಹಾಗೆ ಕೂಡಿಸುವುದು. ಆಗ ನಾನೇನಾದರೂ ಸೀಟಿನಿಂದ ಹರಟಿದರೆ ಬಾನೆಟ್ಟಿನಾಚೆಯಿಂದ ಬೈಗುಳ ಬರುತ್ತಿತ್ತು. "ಕಿವಿ ಇಲ್ಲಿ ಇಡು, ಬಾಯಿ ಮನ್ಯಾಗ ಇಟ್ಟು ಬಾ."

ಹಾಗಂತ ಅವರೇನು ದೊಡ್ಡ ಮೆಕ್ಯಾನಿಕ್ ಅಲ್ಲ. ಒಂದು ಸಲ ಪ್ಲಗ್ಗಿನ ವೈರುಗಳನ್ನು ಅದಲು ಬದಲು ಹಾಕಿಬಿಟ್ಟರು. ನಾನು ಸೆಲ್ಫ್ ಹೊಡೆದದ್ದೇ ತಡ, ಸೈಲೆನ್ಸರಿನಿಂದ ಢಮ್ ಎಂದು ಹೊಡೆಯಿತು. ಗೇಟಿನ ಮುಂದೆ ಹಾಲಿನವನ ಬೈಕು ಕ್ಯಾನಿನ ಸಮೇತ ಉರುಳಿತು. "ನಿಮ್ಮ ದೀಪಾವಳಿ ವರ್ಷಾನಗಂಟ್ಲೆ ನಡೀತೈತೇನ್ರಿ ಕಾಕು?" ಎಂದು ಅವನು ರಸ್ತೆಯಲ್ಲಿ ಕೂತುಕೊಂಡೇ ಕೇಳಿದ. ಮಾರನೆಯ ವಾರ ನೋಡಿದರೆ ನಾಲ್ಕು ವೈರಿಗೂ ಒಂದೊಂದು ಬಟ್ಟೆಯ ಚೂರು ಗಂಟು ಹಾಕಿದ್ದರು. ಮೂರು ತಮ್ಮ ಕುಬಸದ ಅರಿವೆಯವು, ಕೆಂಪು, ಹಸಿರು, ಹಳದಿ. ನಾಲ್ಕನೆಯದು ಗಂಡನ ಧೋತರದ ಅಂಚು.

ಕೆಲಸ ಮುಗಿದ ಮೇಲೆ ಉಪ್ಪಿಟ್ಟು, ಚಹಾ. ಎಷ್ಟು ತೊಳೆದರೂ ಅವರ ಕೈಗೆ ಪೆಟ್ರೋಲಿನ ವಾಸನೆ ಉಳಿಯುತ್ತಿತ್ತು, ಉಪ್ಪಿಟ್ಟಿಗೂ ಅದರ ಸೋಂಕು ತಗಲುತ್ತಿತ್ತು. ನಾನು ಮೂಗು ಮುರಿಯುತ್ತಲೇ ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದೆ. ಆಗಲೇ ಅವರು ಕಾಕಾನ ಸುದ್ದಿ ಹೇಳುತ್ತಿದ್ದದ್ದು.

ಕಾಕಾ ದುರ್ಗದಬೈಲಿನಲ್ಲಿ ಭಾಂಡೆ ಅಂಗಡಿ ಇಟ್ಟಿದ್ದರು. ದಿನವಿಡೀ ಪಾತ್ರೆ ಪಡಗಗಳ ಸಪ್ಪಳ, ಗಿರಾಕಿಗಳ ಚೌಕಾಸಿ. ಮನೆಗೆ ಬಂದರೆಂದರೆ ಮೌನ. "ಊಟಾ ಬಡಸು. ದೀಪಾ ಆರಸು. ಹೊಂಟೆ. ಇಷ್ಟ ಅವರ ಮಾತು" ಎನ್ನುತ್ತಿದ್ದರು ಕಾಕು. ಗಾಡಿ ಕೊಂಡರೂ ಹೆಂಡತಿಯನ್ನು ಕೂಡಿಸಿಕೊಂಡು ಸುತ್ತಿದವರಲ್ಲ. ನೆಂಟರ ಮದುವೆಗೆ ಒಯ್ದರೆ ಒಯ್ದರು. ಆದರೆ ಭಾನುವಾರ ಬೆಳಿಗ್ಗೆ ತಪ್ಪದೆ ಬಾನೆಟ್ ಎತ್ತುವರು, ಎತ್ತಿ ಅಡುಗೆಮನೆಯ ಕಡೆ ಕೂಗುವರು. "ಏ, ಬಾ ಇಲ್ಲೆ. ರೇಸ್ ಕೊಡು."

"ಹಂಚಿನ ಮ್ಯಾಲೆ ರೊಟ್ಟಿ ಇರತಿತ್ತು. ಅದನ್ನ ಹಂಗ ಬಿಟ್ಟು ಹಿಟ್ಟಿನ ಕೈಲೇ ಓಡತಿದ್ದೆ. ಬೈಕೋತ ಕುಂದ್ರತಿದ್ದೆ. ಆದ್ರ ತಂಗಿ, ವಾರದಾಗ ಅವರು ನನ್ನ ಕೂಡ ಭಾಳ ಮಾತಾಡೂದು ಅಂದ್ರ ಅವತ್ತ. ರೇಸ್ ಕೊಡು, ಇನ್ನೂ ಸ್ವಲ್ಪ, ಸಾಕು."

ಅವರಿಗೆ ಮಕ್ಕಳಾಗಲಿಲ್ಲ. ನೆಂಟರಿಷ್ಟರು ಆ ಮಾತು ತೆಗೆದು ಚುಚ್ಚಿದಾಗ, ಗಂಡ ಎಂಬ ಮೂಕ ಮನುಷ್ಯ ಒಂದು ಮಾತೂ ಆಡದೆ ಕೂತಾಗ, ಕಾಕು ಹಿಡಿದುಕೊಳ್ಳುತ್ತಿದ್ದದ್ದು ಆ ಸೀಟನ್ನೇ. "ನಾ ಇಲ್ಲಂದ್ರ ಅವರ ಗಾಡಿ ಒಂದಿನಾನೂ ಸೆಟ್ ಆಗತಿರಲಿಲ್ಲ" ಎಂದು ಅವರು ಹೇಳುವಾಗ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಗಂಡ ಹೋದ ಮೇಲೆ, ಅಷ್ಟು ವರ್ಷ ಕೇಳಿ ಕೇಳಿ ಕಲಿತದ್ದನ್ನು ನೆನಪು ಮಾಡಿಕೊಂಡು, ತಾವು ಬಾನೆಟ್ಟಿನ ಕಡೆ ನಿಂತರು. ಸೀಟಿನಲ್ಲಿ ಅವರ ಜಾಗ ಖಾಲಿಯಾಯಿತು. ಆ ಜಾಗಕ್ಕೆ ನಾನು ಬಂದೆ.

ಎಲ್ಲ ಚೆನ್ನಾಗಿಯೇ ನಡೆದಿತ್ತು, ಕಾರ್ಬೊರೇಟರ್ ಸೋರುವವರೆಗೆ. ಅದು ಕಾಕೂನ ಕೈಗೆ ಬಗ್ಗಲಿಲ್ಲ. ಕಾಕಾ ಇದ್ದಾಗಿನಿಂದ ಗಾಡಿ ನೋಡುತ್ತಿದ್ದ ಹಳೇ ಹುಬ್ಬಳ್ಳಿಯ ಮಿಸ್ತ್ರಿಗೆ ಹೇಳಿ ಕಳಿಸಿದರು. ಮಿಸ್ತ್ರಿ ಬಂದವರು ಪ್ಲಗ್ಗು ಪಾಯಿಂಟು ನೋಡಿ ನಕ್ಕರು. "ವಾರಕ್ಕೊಮ್ಮೆ ತಿಕ್ಕಿದ್ರ ಪಾಯಿಂಟ್ ಸವದ ಹೋಗತಾವ್ರಿ ಅಮ್ಮಾರ. ಕಾಕಾರಿಗೂ ಇದನ್ನ ಹೇಳತಿದ್ದೆ, ಅವರೂ ಕೇಳಲಿಲ್ಲ." ಸೋರಿಕೆ ನಿಲ್ಲಿಸಿದರು. ನಾನು ನನ್ನ ಸೀಟಿನಲ್ಲಿ ಕೂತು ರೇಸ್ ಅನ್ನುವುದನ್ನು ಕಾಯುತ್ತಿದ್ದೆ. ಅವರು ಏನೂ ಅನ್ನಲಿಲ್ಲ. ಎಂಜಿನ್ನು ಮಾತ್ರ ತಾನಾಗಿ ಭರ್ರೆಂದು ಏರಿತು. ನಾನು ಬಗ್ಗಿ ನನ್ನ ಕಾಲು ನೋಡಿಕೊಂಡೆ. ಕಾಲು ನೆಲದ ಮೇಲಿತ್ತು.

ಕಾಕು ಪಕ್ಕದಲ್ಲೇ ನಿಂತಿದ್ದರು. "ಯಾರು ಕೊಟ್ರು ರೇಸ್?"

"ನಾನ ಅಮ್ಮಾರ. ಇಲ್ನೋಡ್ರಿ, ಕಾರ್ಬೊರೇಟರ್‌ದ ಈ ಕಡ್ಡಿ ಐತಲ್ರಿ, ಬೆರಳಿಲೇ ಎಳದ್ರ ಆತು. ಒಬ್ಬರ ಇದ್ರೂ ಆಗತೈತಿ."

"ಇದು ಅವರಿಗೆ ಗೊತ್ತಿತ್ತೇನು?"

"ಕಾಕಾರಿಗ್ಯಾಕ ಗೊತ್ತಿರಂಗಿಲ್ರಿ? ನಮ್ಮ ಗ್ಯಾರೇಜಿನ್ಯಾಗ ತಾವ ಎಳದು, ಹಿಂಗ ಬರಬೇಕು ನೋಡು ದನಿ, ಅಂತ ನನಗ ತೋರಸತಿದ್ರು."

ಮಿಸ್ತ್ರಿ ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಅವರಿಗೆ ಅದು ಬಾಯಿಗೆ ಬಂದ ಸಂಗತಿ. ಕಾಕು ಒಳಗೆ ಹೋಗಿ ಚಹಾ ಮಾಡಿ ತಂದರು. ಅದಕ್ಕೆ ಸಕ್ಕರೆ ಇರಲಿಲ್ಲ. ಮಿಸ್ತ್ರಿ ಹಾಗೇ ಕುಡಿದು ಹೋದರು. ಕಾಕು ನನಗೆ ಅವತ್ತು "ನೀನೂ ಮನಿಗೆ ಹೋಗವಾ" ಎಂದರು.

ಮುಂದಿನ ಭಾನುವಾರ ಅವರು ನನ್ನನ್ನು ಕರೆಯಲಿಲ್ಲ. ಸ್ನಾನ ಮಾಡಿ, ಕೂದಲು ಕಟ್ಟಿ, ಕಿಟಕಿಯ ಹತ್ತಿರ ನಿಂತೆ. ಎದುರಿನಿಂದ ಎಂಜಿನ್ ಚಾಲೂ ಆದ ಸದ್ದು ಬಂತು. ರೇಸ್ ಏರಿತು, ಇಳಿಯಿತು. ಮಾತಿನ ಸದ್ದಿಲ್ಲ. ಅದರ ಮುಂದಿನ ಭಾನುವಾರವೂ ಹಾಗೇ. ನನಗೆ ಮಿಸ್ತ್ರಿಯ ಮೇಲೆ ಸಿಟ್ಟು ಬಂತು, ಆ ಕಬ್ಬಿಣದ ಕಡ್ಡಿಯ ಮೇಲೂ ಬಂತು. ಬೇಡದವರ ಮನೆಗೆ ಹೋಗಬಾರದು ಎಂದು ಬಿಗುಮಾನದಿಂದ ಕೂತೆ. ಎಷ್ಟಂತ ಕೂಡುವುದು? ಒಂದು ದಿನ ಎದ್ದು ಹೋದೆ.

"ಕಾಕು, ನಾ ಬರ್ಲೇನ್ರಿ?"

"ಬ್ಯಾಡವಾ. ಒಬ್ಬರ ಇದ್ರೂ ಆಗತೈತಿ."

ಎಂಜಿನ್ ಬಂದ್ ಮಾಡಿ ಬಂದು ಮೆಟ್ಟಿಲ ಮೇಲೆ ಕೂತರು. ನಾನೂ ಕೆಳಗಿನ ಮೆಟ್ಟಿಲಲ್ಲಿ ಕೂತೆ. ನನ್ನ ಮುಖ ನೋಡದೆ ಅವರು ಹೇಳಿದರು.

"ಕೆಲಸ ಐತಿ ಅಂತ ಓಡಿ ಬರತಿದ್ದೆ ನಾ. ರೊಟ್ಟಿ ಸೀದು ಹೋದ್ರೂ ಬರತಿದ್ದೆ. ಕೆಲಸಾನ ಇರಲಿಲ್ಲಂದ್ರ ನನ್ನ ಯಾಕ ಕೂಡ್ರಿಸಿದ್ರು? ಬೇಕಾಗಿ ಕರೀತಿದ್ರೋ, ಇಲ್ಲಾ, ತಾವು ಬೆರಳು ಕೂಡ ಎತ್ತಬಾರದು, ಮನ್ಯಾಗ ಒಂದು ಆಳು ಐತಿ ಅಂತ ಕರೀತಿದ್ರೋ? ಇದೊಂದು ತಿಳೀಬೇಕಾಗೇತಿ ನೋಡು ನನಗ."

"ಬೇಕಾಗೇ ಕರದಿರತಾರ್ರಿ ಕಾಕು. ಮತ್ಯಾಕ ಕರೀತಾರು?"

"ಅದು ನೀ ಹೇಳೂದು. ಅವರಿಗೂ ಬಾಯಿ ಇತ್ತಲಾ? ಒಂದಿನಾನೂ ಹೇಳಲಿಲ್ಲಲಾ." ಅಂಗಿಯ ತುದಿಯಿಂದ ಬೆರಳು ಒರೆಸಿಕೊಂಡರು. "ಇನ್ ಯಾರನ್ನ ಕೇಳಲಿ."

ಕೇಳಲು ಯಾರೂ ಇರಲಿಲ್ಲ. ಅದೇ ದೊಡ್ಡ ಸಂಕಟ. ಗಂಡ ಸತ್ತಾಗ ಅವರು ಎಷ್ಟು ಅತ್ತರೋ ನಾನು ಕಂಡಿಲ್ಲ. ಆದರೆ ಅವತ್ತು ಆ ಮೆಟ್ಟಿಲ ಮೇಲೆ ಅವರು ಎರಡನೇ ಸಲ ವಿಧವೆಯಾದ ಹಾಗೆ ಕೂತಿದ್ದರು. ಸಾವಿರಾರು ಪುಸ್ತಕಗಳ ನಡುವೆ ಕೂತು ಸಂಬಳ ತಗೊಳ್ಳುವವಳಿಗೆ ಸಮಾಧಾನದ ಒಂದು ವಾಕ್ಯವೂ ಹೊಳೆಯಲಿಲ್ಲ.

ಕೆಲವು ವಾರ ಕಳೆದ ಮೇಲೆ ಮತ್ತೆ ಗೇಟಿನಲ್ಲಿ ಬಂದು ನಿಂತರು. "ಬೆರಳು ನೋಯಾಕತ್ತೈತಿ. ಬಾ, ಕುಂದ್ರು."

ಬೆರಳು ನೋಯುತ್ತಿರಲಿಲ್ಲ ಎಂದು ನನಗೂ ಗೊತ್ತು, ನನಗೆ ಗೊತ್ತು ಎಂದು ಅವರಿಗೂ ಗೊತ್ತು. ಹೋಗಿ ಕೂತೆ. ರೇಸ್ ಅಂದಾಗ ಕೊಟ್ಟೆ, ಸಾಕು ಅಂದಾಗ ಬಿಟ್ಟೆ. ಕಡ್ಡಿಯ ಮಾತು ಮತ್ತೆ ತೆಗೆಯಲಿಲ್ಲ. ಆದರೆ ಅವರ ಪ್ರಶ್ನೆ ಹೋಗಿರಲಿಲ್ಲ. ನಡುನಡುವೆ, ಪಾಯಿಂಟ್ ತಿಕ್ಕುತ್ತಿರುವಾಗ, ಬಾನೆಟ್ಟಿನಾಚೆಯಿಂದ ಕೇಳಿಸುತ್ತಿತ್ತು. "ಇಲ್ಲಿ ನಿಂತು ನಗತಿದ್ರೋ ಏನೋ, ನನ್ನ ದಡ್ಡತನ ನೋಡಿ." ನಾನು ಸೀಟಿನಲ್ಲಿ ಮುಂದಿನ ರೇಸಿಗೆ ಕಾಯುತ್ತಿದ್ದೆ.

ಹೀಗೆಯೇ ಎರಡು ಬೇಸಿಗೆ ಕಳೆದವು. ಅವರ ಜೊತೆ ಜೊತೆಗೆ ನನಗೂ ಕೈ ಕೂಡಿತು. ನೋಡಿ ನೋಡಿ ಪ್ಲಗ್ಗಿನ ಸಂದು ಹಿಡಿಯುವುದು, ಸ್ಕ್ರೂ ತಿರುವುವುದು ಬಂತು. ಆಮೇಲೆ ಕಾಕೂನ ಉಸಿರು ಸೋಲತೊಡಗಿತು. ಹೃದಯ ದೊಡ್ಡದಾಗಿದೆ ಅಂದರಂತೆ ಡಾಕ್ಟರು. "ಇಷ್ಟು ದಿನಾ ಸಣ್ಣದಿತ್ತೇನು" ಎಂದು ನಗೆಯಾಡಿದರು, ಆದರೆ ಮೆಟ್ಟಿಲು ಇಳಿಯಲು ನನ್ನ ಹೆಗಲು ಹಿಡಿಯುತ್ತಿದ್ದರು.

ಒಂದು ಭಾನುವಾರ ಕಾಕಾನ ಅಂಗಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಇವತ್ತ ನೀ ಮುಂದ ನಿಲ್ಲು. ನನಗ ಬಗ್ಗಾಕಾಗೂದಿಲ್ಲ. ನಾ ಕುಂದ್ರತೇನಿ."

ಕಾಕಾ ಹೋದ ಮೇಲೆ ಅವರು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಮೊದಲು ಪಕ್ಕದಲ್ಲಿ ನಿಂತು ಸೀಟಿನ ಮೇಲೆ ಅಂಗೈ ಆಡಿಸಿದರು. ಆಮೇಲೆ ಸೀರೆ ಒತ್ತಿಕೊಂಡು, ಒಂದು ಕಾಲು ಎತ್ತಿಟ್ಟು, ಅಭ್ಯಾಸದವರ ಹಾಗೆ ಕೂತರು. ನಾನು ಬಾನೆಟ್ ಎತ್ತಿದೆ. ಅವರು ಮರೆಯಾದರು.

ಪ್ಲಗ್ ಬಿಚ್ಚಿ ನೋಡಿದೆ. ಹುರಿದ ರವೆಯ ಬಣ್ಣ. ಪಾಯಿಂಟ್ ಒರೆಸಿದೆ. ಎಲ್ಲ ಜೋಡಿಸಿ, "ಸೆಲ್ಫ್ ಹೊಡೀರಿ ಕಾಕು" ಅಂದೆ. ಎಂಜಿನ್ ಹಿಡಿಯಿತು. "ರೇಸ್ ಕೊಡ್ರಿ."

ಅವರು ಕೊಟ್ಟ ರೇಸ್ ನನ್ನದರ ಹಾಗೆ ಜಗ್ಗಾಡಲಿಲ್ಲ. ಒಂದೇ ಸಮ ಏರಿ ನಿಂತಿತು. ಸ್ಕ್ರೂ ತುಸು ತಿರುವಿದೆ, ದನಿ ಕೂತಿತು. ಹಿಂದಿನ ವಾರವಷ್ಟೇ ಮಾಡಿದ ಗಾಡಿ, ಬೇರೆ ಏನು ಕೆಲಸ ಇರುತ್ತದೆ?

"ಸಾಕ್ರಿ" ಅಂದೆ.

ಎಂಜಿನ್ನಿನ ದನಿ ಇಳಿದು ಮೆಲ್ಲಗೆ ಓಡತೊಡಗಿತು. ಬಾನೆಟ್ಟಿನಾಚೆಯಿಂದ ಕಾಕು ಕೇಳಿದರು.

"ಆತೇನು?"

"ಆತ್ರಿ."

"ಇಷ್ಟ?"

"ಇಷ್ಟರಿ. ವಾರ ವಾರ ಮಾಡೂ ಗಾಡಿ ಅಲ್ರಿ. ಸ್ವಲ್ಪ ತಿರುವಿದ್ರ ಮುಗೀತು."

ಒಳಗೆ ಅವರ ಉಸಿರು ಸಿಕ್ಕಿಕೊಂಡಿತೋ ಎಂದು ನಾನು ಬಾನೆಟ್ ಬಿಟ್ಟು ಓಡಬೇಕೆನ್ನುವಷ್ಟರಲ್ಲಿ ದನಿ ಬಂತು.

"ಅವರೂ ವಾರ ವಾರ ಮಾಡತಿದ್ರಲ್ಲವಾ."

"ಹೌದ್ರಿ."

"ಅವರು ಇಷ್ಟು ಲಗೂ ಸಾಕು ಅಂತಿರಲಿಲ್ಲ. ನನ್ನ ಕಾಲು ಜೋಮು ಹಿಡೀತಿತ್ತು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತಿದ್ರು. ಒಲಿ ಮ್ಯಾಲಿನ ಬ್ಯಾಳಿ ಉಕ್ಕಿ ಹೋಗತಿತ್ತು, ಅವರು ಸಾಕು ಅಂತಿರಲಿಲ್ಲ." ತುಸು ತಡೆದರು. "ಭಾಳ ಕಠಿಣ ಕೆಲಸ ಇರತೈತಿ ಅಂತ ತಿಳಕೊಂಡಿದ್ದೆ. ನಾ ಮಾಡುಮುಂದ ನನಗೂ ಹೊತ್ತು ಹಿಡೀತಿತ್ತು, ನನ್ನ ಕೈ ಹೊಸಾದು. ಅವರ ಕೈ ಹೊಸಾದಿರಲಿಲ್ಲಲಾ ತಂಗಿ. ಮುಗದಿರತಿತ್ತು. ಮುಗದಮ್ಯಾಲೂ ಇಲ್ಲಿ ನಿಂತಿರತಿದ್ರು."

ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಅಳುತ್ತಿದ್ದರೋ ನಗುತ್ತಿದ್ದರೋ ದನಿಯಲ್ಲಿ ತಿಳಿಯಲಿಲ್ಲ. ಕಾಕಾ ಹೇಗೆ ಹೇಳುತ್ತಿದ್ದರೋ ಗೊತ್ತಿಲ್ಲ, ನನಗೆ ಬಂದ ಹಾಗೆ ಹೇಳಿದೆ.

"ರೇಸ್ ಕೊಡ್ರಿ ಕಾಕು. ಇನ್ನೂ ಸ್ವಲ್ಪ."

ಎಂಜಿನ್ನು ಒಂದೇ ಸಮ ಏರಿ ನಿಂತಿತು. ನನ್ನ ಕೈಗೆ ಯಾವ ಕೆಲಸವೂ ಉಳಿದಿರಲಿಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟು, ಆ ದೊಡ್ಡ ಅಂಗಿಯಲ್ಲಿ ಕೈ ಕಟ್ಟಿಕೊಂಡು ನಿಂತೆ. ಸಾಕು ಅನ್ನಲಿಲ್ಲ.